ಸಾಸಿವೆ ಡಬ್ಬಿ ಲೆಕ್ಕ ಇಲ್ಲಿ ನಡೆಯುವುದಿಲ್ಲ: ಎನ್‌ಡಿಐಎಸ್ ಪ್ಲಾನ್‌ನಲ್ಲಿ ದುಡ್ಡು ಉಳಿದರೆ ಏನು ಮಾಡಬೇಕು

ಮಗನ ಮೊದಲ ಎನ್‌ಡಿಐಎಸ್ (ನ್ಯಾಷನಲ್ ಡಿಸೆಬಿಲಿಟಿ ಇನ್ಶೂರೆನ್ಸ್ ಸ್ಕೀಮ್) ಪ್ಲಾನ್ ಮುಗಿಯುವ ಹೊತ್ತಿಗೆ ಮೂರರಲ್ಲಿ ಒಂದು ಪಾಲು ದುಡ್ಡು ಮುಟ್ಟದೆ ಹಾಗೇ ಇತ್ತು. ಪ್ಲಾನ್ ಮರುಪರಿಶೀಲನೆಯ ಮೀಟಿಂಗ್‌ನಲ್ಲಿ ‘ಇದು ಯಾಕೆ ಖರ್ಚಾಗಿಲ್ಲ?’ ಎಂದು ಕೇಳಿದರು. ನಾನು ನಗುನಗುತ್ತಾ ‘ಹೇಗೋ ಅಡ್ಜಸ್ಟ್ ಮಾಡಿಕೊಂಡೆವು’ ಎಂದೆ. ಊರಲ್ಲಾದರೆ ಅದು ಮರ್ಯಾದಸ್ಥರ ಉತ್ತರ. ಇಲ್ಲಿ ಅದನ್ನು ಹಾಗೇ ಬರೆದುಕೊಂಡರು. ಮುಂದಿನ ಪ್ಲಾನ್‌ನಲ್ಲಿ ಥೆರಪಿ ದುಡ್ಡು ಇಳಿದಿತ್ತು.

ನಿಜ ಹೇಳಬೇಕೆಂದರೆ ನಾವು ಏನೂ ಅಡ್ಜಸ್ಟ್ ಮಾಡಿಕೊಂಡಿರಲಿಲ್ಲ. ಓಟಿ (ಸ್ನಾನ, ಊಟದಂಥ ದಿನದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್) ಸಿಗಲು ಐದು ತಿಂಗಳು ಸಾಲಿನಲ್ಲಿ ಕಾದಿದ್ದೆವು. ಆರು ವಾರ ಮೈಸೂರಿನಲ್ಲಿದ್ದೆವು. ಅತ್ತೆ ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳು ಮಗನನ್ನು ನೋಡಿಕೊಂಡಿದ್ದರು. ಇದರಲ್ಲಿ ಒಂದನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ. ಕಾರಿನಲ್ಲಿ ಹೆಂಡತಿ ಒಂದೇ ಮಾತು ಕೇಳಿದಳು: ‘ಅಮ್ಮ ಊರಿಗೆ ಹೋದ ಮೇಲೆ ಅವನನ್ನ ಯಾರು ನೋಡ್ಕೋತಾರೆ ಅಂತ ಹೇಳಿದ್ರಾ?’

ಆಮೇಲಿನ ನಾಲ್ಕು ಪ್ಲಾನ್‌ಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್, ಪರ್ತ್, ಎಲ್ಲೇ ಇರಲಿ, ಮನೆಯಲ್ಲಿ ಒಬ್ಬರಿಗೆ ಎನ್‌ಡಿಐಎಸ್ ಪ್ಲಾನ್ ಇರುವ ಕನ್ನಡದ ಮನೆಗಳಿಗಾಗಿ ಇದು. ಊರಿನಿಂದ ಓದುತ್ತಿರುವವರಿಗೆ ಎರಡು ಮಾತು: ಇದು ಆಸ್ಟ್ರೇಲಿಯಾ ಸರ್ಕಾರ 2013ರ ಕಾನೂನಿನಡಿ ನಡೆಸುವ ಅಂಗವಿಕಲರ ನೆರವಿನ ಯೋಜನೆ. ಅರ್ಜಿ ಹಾಕುವಾಗ ವಯಸ್ಸು 65ರ ಒಳಗಿರಬೇಕು. ಪೌರತ್ವವೋ ಪಿಆರೋ (ಕಾಯಂ ವಾಸದ ವೀಸಾ) ಇರಬೇಕು. ನ್ಯೂಜಿಲೆಂಡಿನವರ ಒಂದು ವಿಶೇಷ ವೀಸಾಕ್ಕೂ ಅವಕಾಶವಿದೆ. ವರ್ಕ್ ವೀಸಾದಲ್ಲಿ ಇರುವವರಿಗೆ ಇದು ಸಿಗುವುದಿಲ್ಲ.

ಆ ದುಡ್ಡು ಯಾರದ್ದು?

ನಮ್ಮ ಅಜ್ಜಿಯರು ಮನೆಖರ್ಚಿನಲ್ಲಿ ಮಿಗಿಸಿದ್ದನ್ನು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದರು. ಕಷ್ಟಕ್ಕೆ ಆಗುತ್ತದೆ ಎಂದು. ಆ ಬುದ್ಧಿ ನಮ್ಮ ರಕ್ತದಲ್ಲಿದೆ. ಪ್ಲಾನ್ ಬಂದ ತಕ್ಷಣ ನಾವು ಮಾಡುವುದೂ ಅದನ್ನೇ: ಈಗ ಸ್ವಲ್ಪ ಬಿಗಿ ಹಿಡಿಯೋಣ, ಆಮೇಲೆ ಬೇಕಾಗಬಹುದು. ಆದರೆ ಎನ್‌ಡಿಐಎಸ್ ದುಡ್ಡು ಡಬ್ಬಿಗೆ ಬರುವ ದುಡ್ಡಲ್ಲ. ಊರಿನ ಮಾಸಾಶನದ ಹಾಗೆ ಕೈಗೆ ಬಂದು ನಿಮ್ಮದಾಗುವುದೂ ಇಲ್ಲ. ಇಷ್ಟು ವರ್ಷಕ್ಕೆ, ಇಂಥ ಸಹಾಯಕ್ಕೆ, ಇಷ್ಟರವರೆಗೆ ಕೊಡುತ್ತೇವೆ ಎಂಬ ಒಪ್ಪಿಗೆ, ಅಷ್ಟೇ. ಪ್ಲಾನ್ ಮುಗಿದು ಹೊಸದು ಶುರುವಾದರೆ ಹಳೆಯದರಲ್ಲಿ ಉಳಿದದ್ದು ಹೊಸದಕ್ಕೆ ಬರುವುದಿಲ್ಲ. ಸ್ಕೀಮಿನಲ್ಲೇ ಉಳಿಯುತ್ತದೆ.

ಇಲ್ಲಿ ಎಲ್ಲರಿಗೂ ಗೊಂದಲ ಮಾಡುವ ಒಂದು ವಿಷಯವಿದೆ. 2025ರ ಮೇ 19ರಿಂದ ಬರುವ ಪ್ಲಾನ್‌ಗಳಲ್ಲಿ ದುಡ್ಡನ್ನು ಒಟ್ಟಿಗೆ ಬಿಡುವುದಿಲ್ಲ. ‘ಫಂಡಿಂಗ್ ಪೀರಿಯಡ್’ ಎಂದು ಕಂತುಗಳಾಗಿ ಬಿಡುತ್ತಾರೆ. ಸಾಮಾನ್ಯವಾಗಿ ಮೂರು ತಿಂಗಳಿಗೊಂದು ಕಂತು. ಕೆಲವಕ್ಕೆ ತಿಂಗಳಿಗೊಂದು, ಕೆಲವು ವಸ್ತುಗಳಿಗೆ ಇಡೀ ವರ್ಷದ್ದು ಒಂದೇ ಸಲ. ಒಂದು ಕಂತಿನಲ್ಲಿ ಉಳಿದದ್ದು ಅದೇ ಪ್ಲಾನ್‌ನ ಮುಂದಿನ ಕಂತಿಗೆ ಸೇರುತ್ತದೆ. ಅದು ಎಲ್ಲೂ ಹೋಗುವುದಿಲ್ಲ. ಹೋಗುವುದು ಪ್ಲಾನ್ ಬದಲಾದಾಗ ಮಾತ್ರ. ‘ಮೂರು ತಿಂಗಳು ಮುಗೀತು, ದುಡ್ಡು ಹೋಯ್ತಾ?’ ಎಂದು ಗಾಬರಿಯಾಗಿ ಫೋನ್ ಮಾಡುವವರಿಗೆ ನಾನು ಹೇಳುವುದು ಇದೊಂದೇ. ಇದರ ಇನ್ನೊಂದು ಮುಖವೂ ಇದೆ: ಮುಂದಿನ ಕಂತಿನ ದುಡ್ಡನ್ನು ಈಗಲೇ ತೆಗೆದು ಖರ್ಚು ಮಾಡಲು ಬರುವುದಿಲ್ಲ.

ಮೊದಲ ಕೆಲಸ: ಪ್ಲಾನ್ ಕಾಗದ ಮತ್ತು ಒಂದು ಹೈಲೈಟರ್

ಪ್ಲಾನ್ ಬಂದ ದಿನ ಎಲ್ಲರೂ ನೋಡುವುದು ಒಟ್ಟು ಮೊತ್ತವನ್ನು. ಅದರಿಂದ ಏನೂ ಗೊತ್ತಾಗುವುದಿಲ್ಲ. ಯಾವ ತಲೆಬರಹದಡಿ ಎಷ್ಟಿದೆ ಎಂದು ನೋಡಿ.

‘ಕೋರ್’ ಅಂದರೆ ದಿನನಿತ್ಯದ ಸಹಾಯ: ಸಪೋರ್ಟ್ ವರ್ಕರ್, ಹೊರಗೆ ಕರೆದುಕೊಂಡು ಹೋಗುವುದು, ಡಯಾಪರ್‌ನಂಥ ಸಾಮಾನು. ಇದರೊಳಗೆ ಒಂದು ವಿಭಾಗದ್ದನ್ನು ಇನ್ನೊಂದಕ್ಕೆ ಬಳಸಲು ಸಾಮಾನ್ಯವಾಗಿ ಅವಕಾಶವಿದೆ. ‘ಕೆಪ್ಯಾಸಿಟಿ ಬಿಲ್ಡಿಂಗ್’ ಅಂದರೆ ಸ್ಪೀಚ್ (ಮಾತಿನ ಥೆರಪಿ), ಓಟಿ, ಸಪೋರ್ಟ್ ಕೋಆರ್ಡಿನೇಷನ್ (ಸೇವೆ ಹುಡುಕಿ ಹೊಂದಿಸಿಕೊಡುವ ಸಹಾಯ) ಇತ್ಯಾದಿ. ಇಲ್ಲಿ ಆ ಸಡಿಲ ಇಲ್ಲ. ಒಂದು ವಿಭಾಗದ್ದು ಆ ವಿಭಾಗಕ್ಕೇ. ‘ಕ್ಯಾಪಿಟಲ್’ ಅಂದರೆ ವೀಲ್‌ಚೇರ್, ಮನೆಯ ಮಾರ್ಪಾಡು, ಇಂಥ ದೊಡ್ಡ ಖರ್ಚು. ಹೆಸರು ಹೇಳಿ ಕೊಟ್ಟಿದ್ದರೆ ಅದಕ್ಕೆ ಮಾತ್ರ. ಪ್ಲಾನ್‌ನಲ್ಲಿ ಎಲ್ಲೇ ಆಗಲಿ ‘ಸ್ಟೇಟೆಡ್’ ಎಂಬ ಪದ ಕಂಡರೆ ಅದಕ್ಕೆ ಬಣ್ಣ ಬಳಿಯಿರಿ. ಆ ದುಡ್ಡು ಬರೆದ ಕೆಲಸ ಬಿಟ್ಟು ಬೇರೆಯದಕ್ಕೆ ಹರಿಯುವುದಿಲ್ಲ.

ಮತ್ತೆ ಯಾರು ದುಡ್ಡು ನಿಭಾಯಿಸುತ್ತಾರೆ ಎಂದು ನೋಡಿ: ನೀವೇನಾ, ನಿಮ್ಮ ಪರವಾಗಿ ಬಿಲ್ ಕಟ್ಟುವ ಪ್ಲಾನ್ ಮ್ಯಾನೇಜರ್ ಇದ್ದಾರಾ, ಎನ್‌ಡಿಐಎಸ್ ನಡೆಸುವ ಸರ್ಕಾರಿ ಏಜೆನ್ಸಿಯೇ ನೋಡಿಕೊಳ್ಳುತ್ತದಾ? ಏಜೆನ್ಸಿ ನೋಡಿಕೊಂಡರೆ ನೋಂದಾಯಿತ ಸಂಸ್ಥೆಗಳಿಂದ ಮಾತ್ರ ಸೇವೆ ಪಡೆಯಬೇಕು. ಉಳಿದೆರಡರಲ್ಲಿ ನೋಂದಣಿ ಇಲ್ಲದವರನ್ನೂ ಬಹುತೇಕ ಕೆಲಸಗಳಿಗೆ ಇಟ್ಟುಕೊಳ್ಳಬಹುದು. ದುಡ್ಡು ಉಳಿಯುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ, ಮುಂದೆ ಹೇಳುತ್ತೇನೆ. ಪ್ಲಾನ್ ಮ್ಯಾನೇಜರ್‌ನ ಶುಲ್ಕ ಪ್ಲಾನ್‌ನಲ್ಲಿ ಬೇರೆಯಾಗಿಯೇ ಬರುತ್ತದೆ. ನಿಮ್ಮ ಥೆರಪಿ ದುಡ್ಡಿನಿಂದ ಮುರಿದುಕೊಳ್ಳುವುದಿಲ್ಲ. ಅದಕ್ಕೆ ಹೆದರಿ ಬೇಡ ಎನ್ನಬೇಕಿಲ್ಲ.

ಎರಡನೆಯದು: ತಿಂಗಳಿಗೊಮ್ಮೆ ಹತ್ತು ನಿಮಿಷದ ಲೆಕ್ಕ

ನಮ್ಮ ಮನೆಯ ಲೆಕ್ಕವನ್ನೇ ತೋರಿಸುತ್ತೇನೆ. ಅರ್ಥವಾಗಲೆಂದು ಮೊತ್ತವನ್ನು ಸ್ವಲ್ಪ ಸುಲಭ ಮಾಡಿದ್ದೇನೆ.

ಪ್ಲಾನ್ ಸೆಪ್ಟೆಂಬರ್ 1ಕ್ಕೆ ಶುರು. ವರ್ಷದ ಥೆರಪಿ ದುಡ್ಡು 18,000 ಡಾಲರ್. ಮೂರು ತಿಂಗಳಿಗೆ 4,500. 2025–26ರಲ್ಲಿ ಸ್ಪೀಚ್‌ಗೂ ಓಟಿಗೂ ಗಂಟೆಗೆ ಗರಿಷ್ಠ ದರ 193.99 ಡಾಲರ್. ವಾರಕ್ಕೊಂದು ಗಂಟೆ ಸ್ಪೀಚ್ ಅಂದರೆ 13 ವಾರಕ್ಕೆ 2,521.87. ಎರಡು ವಾರಕ್ಕೊಮ್ಮೆ ಓಟಿ, ಆರು ಸಲ ಎಂದುಕೊಳ್ಳಿ, 1,163.94. ಒಟ್ಟು 3,685.81. ಒಂದು ಕಂತಿನಲ್ಲಿ ಉಳಿದದ್ದು 814.19.

ಎಂಟುನೂರು ಉಳಿಯಿತು ಎಂದು ಖುಷಿಪಟ್ಟೆ. ಆಮೇಲೆ ನೆನಪಾಯಿತು, ಪ್ಲಾನ್ ಮುಗಿಯುವ ಮುಂಚೆ ಥೆರಪಿಸ್ಟ್ ವರದಿ ಬರೆಯಬೇಕು. ಅದಕ್ಕೂ ಗಂಟೆ ಲೆಕ್ಕದಲ್ಲಿ ದುಡ್ಡು. ನಾಲ್ಕು ಗಂಟೆ ಹಿಡಿದರೆ 775.96. ಒಂದು ಕಂತಿನ ಉಳಿಕೆ ಅಲ್ಲಿಗೆ ಮುಗಿಯಿತು. ವರ್ಷದ ನಾಲ್ಕು ಕಂತು ಸೇರಿಸಿ ವರದಿಯ ಖರ್ಚು ಕಳೆದರೆ ನಿಜವಾಗಿ ಕೈಯಲ್ಲಿ ಇರುವುದು ಸುಮಾರು 2,480 ಡಾಲರ್. ಅಂದರೆ ಹನ್ನೆರಡು ಗಂಟೆಯ ಥೆರಪಿ. ಥೆರಪಿಸ್ಟ್ ಮನೆಗೆ ಬರುವವರಾದರೆ ಪ್ರಯಾಣದ ಖರ್ಚೂ ಸೇರಿ ಇದು ಇನ್ನೂ ಇಳಿಯುತ್ತದೆ.

ಈಗ ಡಿಸೆಂಬರ್–ಫೆಬ್ರುವರಿ ಕಂತು ನೋಡಿ. ಆರು ವಾರ ಮೈಸೂರು. ಆರು ಸ್ಪೀಚ್, ಮೂರು ಓಟಿ ಇಲ್ಲ. ಖರ್ಚು 1,939.90ಕ್ಕೆ ಇಳಿದು, ಅದೊಂದೇ ಕಂತಿನಲ್ಲಿ 2,560 ಡಾಲರ್ ಉಳಿಯಿತು. ಅರ್ಧಕ್ಕಿಂತ ಜಾಸ್ತಿ. ಎನ್‌ಡಿಐಎಸ್ ಆ್ಯಪ್‌ನಲ್ಲಿ ನೋಡಿದವರಿಗೆ ‘ಇವರಿಗೆ ಥೆರಪಿಯೇ ಬೇಕಿಲ್ಲ’ ಅನ್ನಿಸುವಂಥ ಅಂಕಿ. ನಮಗೆ ಮಾತ್ರ ಗೊತ್ತು ಅದು ಏರ್‌ಪೋರ್ಟ್ ಕಥೆ ಎಂದು.

ನಾನು ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ. ಮೂರು ಸಾಲು: ವರ್ಷದಲ್ಲಿ ಎಷ್ಟು ಭಾಗ ಕಳೆಯಿತು, ದುಡ್ಡಲ್ಲಿ ಎಷ್ಟು ಭಾಗ ಹೋಯಿತು, ವ್ಯತ್ಯಾಸ ಇದ್ದರೆ ಯಾಕೆ. ಮೂರನೇ ಸಾಲೇ ಮುಖ್ಯ. ಆಗಿಂದಾಗ್ಗೆ ಬರೆಯದಿದ್ದರೆ ಆಗಸ್ಟ್‌ನಲ್ಲಿ ಕೂತು ಫೆಬ್ರುವರಿಯಲ್ಲಿ ಏನಾಗಿತ್ತು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಒಂದು ಎಚ್ಚರಿಕೆ. ಆ್ಯಪ್‌ನಲ್ಲಿ ಕಾಣುವ ಬಾಕಿ ಪೂರ್ತಿ ನಿಜವಲ್ಲ. ಇನ್ನೂ ಕ್ಲೇಮ್ ಆಗದ ಇನ್‌ವಾಯ್ಸ್‌ಗಳು ಅದರಲ್ಲಿ ಕಳೆದಿರುವುದಿಲ್ಲ. ನಮಗೆ ಒಂದು ಕ್ಲಿನಿಕ್ ಏಳು ತಿಂಗಳ ಬಿಲ್ಲನ್ನು ಒಂದೇ ಸಲ ಕಳಿಸಿತು. ಅಲ್ಲಿಯವರೆಗೆ ‘ತುಂಬಾ ಉಳಿದಿದೆ’ ಎಂದು ನಾವು ಬೇರೆ ಸೆಷನ್ ಬುಕ್ ಮಾಡಿ ಕೂತಿದ್ದೆವು. ಪ್ರತಿ ಕಂತು ಮುಗಿಯುವ ಎರಡು ವಾರ ಮುಂಚೆ ಎಲ್ಲರಿಗೂ ಒಂದು ಸಾಲಿನ ಇಮೇಲ್ ಹಾಕಿ: ‘ಇಲ್ಲಿಯವರೆಗಿನ ಎಲ್ಲ ಬಿಲ್ ಕಳಿಸಿದ್ದೀರಾ?’ ಇದರಲ್ಲಿ ಸಂಕೋಚ ಬೇಡ.

ಮೂರನೆಯದು: ಯಾಕೆ ಉಳಿಯಿತು ಎಂದು ಪತ್ತೆ ಹಚ್ಚಿ

ನಮ್ಮವರು ಉಳಿದದ್ದು ಗೊತ್ತಾದ ತಕ್ಷಣ ಎಲ್ಲಿ ಖರ್ಚು ಮಾಡೋಣ ಎಂದು ಓಡುತ್ತಾರೆ. ಮೊದಲು ಕಾರಣ ಸಿಗಬೇಕು. ಒಂದೊಂದು ಕಾರಣಕ್ಕೆ ಮದ್ದು ಬೇರೆ.

ಸಾಲಿನಲ್ಲಿ ಕಾಯುತ್ತಿದ್ದೀರಿ ಎಂದುಕೊಳ್ಳಿ. ಒಂದೇ ಕಡೆ ಹೆಸರು ಕೊಟ್ಟು ಸುಮ್ನೆ ಕೂರಬೇಡಿ. ಮೂರು ಕಡೆ ಕೊಡಿ. ಫೋನ್‌ನಲ್ಲಿ ಹೇಳಿದರೂ ಆಮೇಲೆ ಇಮೇಲ್ ಮಾಡಿ, ತಾರೀಖು ಸಿಕ್ಕಬೇಕು. ವಿಡಿಯೋ ಕರೆಯಲ್ಲಿ ಥೆರಪಿ ಕೊಡುವವರಿದ್ದಾರಾ, ಥೆರಪಿಸ್ಟ್ ಕೈಕೆಳಗೆ ಕೆಲಸ ಮಾಡುವ ಥೆರಪಿ ಅಸಿಸ್ಟೆಂಟ್ ಇದ್ದಾರಾ ಕೇಳಿ. ಅಸಿಸ್ಟೆಂಟ್ ದರ ಥೆರಪಿಸ್ಟ್ ದರಕ್ಕಿಂತ ಬಹಳ ಕಡಿಮೆ. ಅದೇ ದುಡ್ಡಿಗೆ ಜಾಸ್ತಿ ಗಂಟೆ ಸಿಗುತ್ತದೆ.

ಹುಷಾರಿಲ್ಲದೆ ತಪ್ಪಿಹೋದದ್ದಾದರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಜಿಪಿಯ (ಮನೆ ಡಾಕ್ಟರ್) ಚೀಟಿ ಎತ್ತಿಡಿ. ಅಷ್ಟೇ.

ಊರಿಗೆ ಹೋದದ್ದಾದರೆ ದಿನ ಎಣಿಸಿ. ಕಾನೂನಿನಲ್ಲಿ ಆರು ವಾರದ ಗಡಿ ಇದೆ. ಅಂದರೆ 42 ದಿನ. ಅದಕ್ಕಿಂತ ಹೆಚ್ಚು ದಿನ ದೇಶದ ಹೊರಗಿರಬೇಕಾದರೆ ಮೊದಲೇ ಏಜೆನ್ಸಿಗೆ ತಿಳಿಸಿ ಹೆಚ್ಚು ಸಮಯ ಕೇಳಬೇಕು. ಇಲ್ಲದಿದ್ದರೆ ಗಡಿ ದಾಟಿದ ಮೇಲೆ ಪ್ಲಾನ್ ಅಮಾನತಿನಲ್ಲಿ ಇರುತ್ತದೆ. ನಾವು ಒಂದು ಸಲ ಡಿಸೆಂಬರ್ 12ಕ್ಕೆ ಹೊರಟು ಜನವರಿ 25ಕ್ಕೆ ವಾಪಸ್ ಟಿಕೆಟ್ ತೆಗೆದಿದ್ದೆವು. ಎಣಿಸಿ ನೋಡಿದರೆ 44 ದಿನ! ಎರಡು ದಿನಕ್ಕೋಸ್ಕರ ಯಾಕೆ ತಲೆನೋವು ಎಂದು 23ಕ್ಕೆ ಬದಲಾಯಿಸಿದೆವು. ಏರ್‌ಲೈನ್‌ಗೆ ಕಟ್ಟಿದ ದಂಡದ ಬಗ್ಗೆ ಇಲ್ಲಿ ಬರೆಯುವುದು ಬೇಡ.

ಇನ್ನು ಅಜ್ಜಿ. ಕನ್ನಡದ ಮನೆಗಳಲ್ಲಿ ಕೋರ್ ದುಡ್ಡು ಉಳಿಯಲು ಅತಿ ದೊಡ್ಡ ಕಾರಣ ಇದೇ ಇರಬೇಕು. ಅತ್ತೆ ಇದ್ದಾಗ ಬೆಳಗ್ಗೆ ಹಲ್ಲುಜ್ಜಿಸುವುದರಿಂದ ಹಿಡಿದು ರಾತ್ರಿ ಮೊಸರನ್ನ ತಿನ್ನಿಸಿ ಮಲಗಿಸುವ ತನಕ ಅವರದೇ. ಅವರ ಹಾಡಿಲ್ಲದೆ ಮಗ ಬಾಯಿ ತೆರೆಯುತ್ತಿರಲಿಲ್ಲ. ಸಪೋರ್ಟ್ ವರ್ಕರ್ ಬೇಡವೇ ಬೇಡ ಅನ್ನಿಸಿತು. ‘ಮನೆಯಲ್ಲಿ ನಾವಿಲ್ವಾ, ಪರಕೀಯರು ಯಾಕೆ?’ ಎಂದರು. ಆರು ತಿಂಗಳು ಒಂದು ಡಾಲರ್ ಕೋರ್ ಖರ್ಚಾಗಲಿಲ್ಲ. ಅವರು ವಿಮಾನ ಹತ್ತಿದ ಮರುದಿನ ಏಳೂವರೆಗೆ ನಾವಿಬ್ಬರೂ ಆಫೀಸ್ ಮೀಟಿಂಗ್‌ಗೆ ತಡವಾಗಿದ್ದೆವು.

ಕಾಗದದಲ್ಲಿ ಅಜ್ಜಿ ಕಾಣುವುದಿಲ್ಲ. ಕಾಣುವುದು ‘ಆರು ತಿಂಗಳು ಖರ್ಚು ಸೊನ್ನೆ’ ಎಂಬುದಷ್ಟೇ. ಹಾಗಾಗಿ ಅವರು ಬಂದ ತಾರೀಖು, ಹೋದ ತಾರೀಖು, ದಿನಕ್ಕೆ ಎಷ್ಟು ಗಂಟೆ ಏನೇನು ಮಾಡುತ್ತಿದ್ದರು ಎಂದು ಬರೆದಿಡಿ. ಅದು ಶಾಶ್ವತ ವ್ಯವಸ್ಥೆ ಅಲ್ಲ, ಮತ್ತೆ ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದೂ ಬರೆಯಿರಿ. ಅಂದಹಾಗೆ, ಆ ದುಡ್ಡನ್ನು ಅಜ್ಜಿಗೇ ಕೊಡಬಹುದಾ ಎಂದು ಕೇಳುವವರಿದ್ದಾರೆ. ಮನೆಯವರಿಗೆ ಸಂಬಳ ಕೊಡಲು ತೀರಾ ವಿಶೇಷ ಸಂದರ್ಭ ಬಿಟ್ಟರೆ ಒಪ್ಪಿಗೆ ಇಲ್ಲ.

ಹೊರಗಿನವರನ್ನು ಮನೆಗೆ ಸೇರಿಸಲು ಹಿಂಜರಿಕೆ ಇದ್ದರೆ ಅದಕ್ಕೂ ದಾರಿ ಇದೆ. ಪ್ಲಾನ್ ಮ್ಯಾನೇಜರ್ ಇದ್ದರೆ ಅಥವಾ ನೀವೇ ನಿಭಾಯಿಸುತ್ತಿದ್ದರೆ ಕನ್ನಡ ಬಲ್ಲ ಸಪೋರ್ಟ್ ವರ್ಕರ್ ಹುಡುಕಬಹುದು. ನಮಗೆ ಸಿಕ್ಕವನು ಹಾಸನದ ಕಡೆಯ ಹುಡುಗ, ಇಲ್ಲಿ ಓದುತ್ತಿದ್ದಾನೆ. ಶನಿವಾರ ಮಗನನ್ನು ಪಾರ್ಕಿಗೆ, ಲೈಬ್ರರಿಗೆ ಕರೆದುಕೊಂಡು ಹೋಗುತ್ತಾನೆ. ‘ಬಾರೋ ಮಾರಾಯ’ ಎಂದರೆ ಮಗ ಶೂ ಹಾಕಿಕೊಂಡು ನಿಂತಿರುತ್ತಾನೆ. ಎನ್‌ಡಿಐಎಸ್ ವರ್ಕರ್ ಸ್ಕ್ರೀನಿಂಗ್ ಆಗಿದೆಯಾ, ಮಕ್ಕಳ ಜೊತೆ ಕೆಲಸ ಮಾಡಲು ನಿಮ್ಮ ರಾಜ್ಯದ ಪರವಾನಗಿ ಇದೆಯಾ ಎಂದು ಮೊದಲೇ ನೋಡಿಕೊಳ್ಳಿ. ಸ್ಟೂಡೆಂಟ್ ವೀಸಾದವರಾದರೆ ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆಯ ಮಿತಿ ಇದೆ, ಅವರ ಬೇರೆ ಕೆಲಸವೂ ಅದರಲ್ಲೇ ಸೇರುತ್ತದೆ.

ನಾಲ್ಕನೆಯದು: ಈಗ ಖರ್ಚಿನ ಮಾತು

ಆರು ತಿಂಗಳು ಬಾಕಿ ಇದ್ದರೆ ನಿಮ್ಮ ಕೈಯಲ್ಲಿ ಎಲ್ಲ ಇದೆ. ಮೂರು ತಿಂಗಳಿದ್ದರೆ ಅರ್ಧ. ಒಂದು ತಿಂಗಳಿದ್ದರೆ ಹೊಸ ಥೆರಪಿಸ್ಟ್ ಹುಡುಕುವುದು ಬಿಡಿ, ಇರುವವರ ಡೈರಿಯಲ್ಲೇ ಜಾಗ ಸಿಗುವುದಿಲ್ಲ. ಅದಕ್ಕೇ ಅರ್ಧ ವರ್ಷಕ್ಕೆ ಸರಿಯಾಗಿ ಒಂದು ದಿನ ಕೂತು ನಿರ್ಧರಿಸಿ.

ಮೇಲೆ ಹೇಳಿದ ಹನ್ನೆರಡು ಗಂಟೆ ನಮ್ಮ ಮನೆಯಲ್ಲಿ ಹೀಗೆ ಹೋಯಿತು. ನಾಲ್ಕು ಗಂಟೆ ಓಟಿ ಮನೆಗೇ ಬಂದು, ಸ್ನಾನದ ಮನೆಯಲ್ಲಿ ನಿಂತು, ಮಗ ತಾನೇ ತಲೆಗೆ ನೀರು ಹಾಕಿಕೊಳ್ಳುವುದನ್ನು ಹಂತ ಹಂತವಾಗಿ ಕಲಿಸಿದರು. ನಮ್ಮ ಮನೆಯಲ್ಲಿ ಬಕೆಟ್ ಮತ್ತು ಚೊಂಬು. ಅದನ್ನು ಕಂಡು ಅವರು ಒಂದು ನಿಮಿಷ ಯೋಚಿಸಿ, ಚೊಂಬಿನ ಬದಲು ಹಿಡಿ ಇರುವ ಪ್ಲಾಸ್ಟಿಕ್ ಮಗ್ ಇಟ್ಟರು. ಕ್ಲಿನಿಕ್‌ನಲ್ಲಿ ಶವರ್ ಚಿತ್ರ ತೋರಿಸಿ ಆರು ತಿಂಗಳಲ್ಲಿ ಆಗದ್ದು ನಾಲ್ಕು ಗಂಟೆಯಲ್ಲಿ ಆಯಿತು. ಮೂರು ಗಂಟೆ ಸ್ಪೀಚ್‌ನವರು ನಮಗೇ, ಅಪ್ಪ ಅಮ್ಮನಿಗೆ, ಮನೆಯಲ್ಲಿ ಕನ್ನಡದಲ್ಲೇ ಹೇಗೆ ಮಾತಾಡಿಸಬೇಕು ಎಂದು ಹೇಳಿಕೊಟ್ಟರು. ಎರಡು ಗಂಟೆ ಸ್ಪೀಚ್‌ನವರೂ ಓಟಿಯೂ ಒಟ್ಟಿಗೆ ಕೂತು ಮಾತಾಡಿದರು, ಒಬ್ಬರಿಗೆ ಒಂದು ಗಂಟೆ ಲೆಕ್ಕ. ಉಳಿದ ಮೂರು ಗಂಟೆ ಶಾಲೆಯ ರಜೆಯಲ್ಲಿ.

ಕೋರ್‌ನಲ್ಲಿ ಉಳಿದಿದ್ದರೆ ಸಪೋರ್ಟ್ ವರ್ಕರ್ ಗಂಟೆ ಹೆಚ್ಚಿಸಬಹುದು. ಚಿಕ್ಕ ಸಹಾಯಕ ಸಾಧನ ಕೊಳ್ಳಬಹುದು. 1,500 ಡಾಲರ್ ಒಳಗಿನದನ್ನು ‘ಲೋ ಕಾಸ್ಟ್’ ಎನ್ನುತ್ತಾರೆ. ಅದು ನಿಮ್ಮ ಅಂಗವೈಕಲ್ಯಕ್ಕೆ ಸಂಬಂಧಪಟ್ಟದ್ದಾಗಿದ್ದು, ಪ್ಲಾನ್‌ನಲ್ಲಿ ಅದಕ್ಕೆ ದುಡ್ಡು ಇದ್ದರೆ ಸಾಮಾನ್ಯವಾಗಿ ಕೊಟೇಶನ್ ಕೇಳುವುದಿಲ್ಲ. ಆದರೂ ಓಟಿಯಿಂದ ಎರಡು ಸಾಲು ಬರೆಸಿಕೊಳ್ಳಿ.

ಇನ್ನು ಮಾಡಬಾರದ್ದು. ಮುಂದಿನ ವರ್ಷದ ಸೆಷನ್‌ಗೆ ಈಗಲೇ ದುಡ್ಡು ಕಟ್ಟಬೇಡಿ. ‘ಉಳಿದದ್ದನ್ನು ನಮ್ಮಲ್ಲಿ ಜಮಾ ಇಡಿ, ಆಮೇಲೆ ಬಳಸಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ನಮಸ್ಕಾರ ಹಾಕಿ ಎದ್ದು ಬನ್ನಿ. ಸೇವೆ ಕೊಟ್ಟ ಮೇಲೆಯೇ ಕ್ಲೇಮ್ ಮಾಡಬೇಕು ಎಂಬುದು ನಿಯಮ. ಮನೆ ಬಾಡಿಗೆ, ದಿನಸಿ, ಟ್ಯೂಷನ್, ಪ್ರವಾಸದ ಖರ್ಚು ಇದರಲ್ಲಿ ಬರುವುದಿಲ್ಲ. 2024ರ ಅಕ್ಟೋಬರ್ 3ರಿಂದ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಪಟ್ಟಿಯೇ ಜಾರಿಯಲ್ಲಿದೆ, ಒಮ್ಮೆ ಕೂತು ಓದಿ. ಐಪ್ಯಾಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ‘ಹೇಗೂ ದುಡ್ಡಿದೆ’ ಎಂದು ಅಂಗಡಿಗೆ ಹೋಗಿ ತರಬೇಡಿ. ಮಾತು ಬಾರದ ಮಗುವಿಗೆ ಸಂವಹನಕ್ಕೆ ಬೇಕಾದರೆ ಸ್ಪೀಚ್‌ನವರ ಪತ್ರ ಹಿಡಿದು ಮೊದಲು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ತಪ್ಪು ಖರ್ಚಾದರೆ ವಾಪಸ್ ಕಟ್ಟಿ ಎಂದು ಕೇಳುವ ಅಧಿಕಾರ ಏಜೆನ್ಸಿಗಿದೆ. ನೀವೇ ನಿಭಾಯಿಸುತ್ತಿದ್ದರೆ ರಸೀದಿಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ನಾನು ಫೋಟೋ ತೆಗೆದು ತಿಂಗಳಿಗೊಂದು ಫೋಲ್ಡರ್‌ಗೆ ಹಾಕುತ್ತೇನೆ. ಥರ್ಮಲ್ ಕಾಗದದ ರಸೀದಿ ವರ್ಷದಲ್ಲಿ ಬಿಳಿಯಾಗುತ್ತದೆ.

ಇಷ್ಟು ಮಾಡಿಯೂ ಉಳಿಯಿತಾ? ಉಳಿಯಲಿ ಬಿಡಿ. ಬೇಡದ ಥೆರಪಿಗೆ ಮಗುವನ್ನು ಎಳೆದಾಡಿ ಸೊನ್ನೆ ಮಾಡಬೇಕಿಲ್ಲ. ಶಾಲೆ ಮುಗಿಸಿ ಸುಸ್ತಾಗಿ ಬಂದ ಮಗುವಿಗೆ ವಾರಕ್ಕೆ ನಾಲ್ಕು ಸೆಷನ್ ತುರುಕಿದವರನ್ನು ನೋಡಿದ್ದೇನೆ.

ಐದನೆಯದು: ಒಂದು ಪುಟದ ಕಾಗದ

ಪ್ಲಾನ್ ಮರುಪರಿಶೀಲನೆಗೆ ಎರಡು ತಿಂಗಳು ಮುಂಚೆಯೇ ಥೆರಪಿಸ್ಟ್‌ಗಳಿಗೆ ವರದಿ ಕೇಳಿ. ಅವರಿಗೂ ಸಮಯ ಬೇಕು. ವರದಿಯಲ್ಲಿ ಒಂದು ಸಾಲು ಇರಲಿ ಎಂದು ಕೇಳಿಕೊಳ್ಳಿ: ಸೆಷನ್‌ಗಳು ಯಾಕೆ ಕಡಿಮೆ ನಡೆದವು, ಮುಂದೆ ಎಷ್ಟು ಬೇಕು.

ಅದರ ಜೊತೆ ನೀವೇ ಒಂದು ಪುಟ ಬರೆಯಿರಿ. ಇಂಗ್ಲಿಷ್ ಅಲಂಕಾರ ಬೇಡ. ಫ್ರಿಜ್ ಮೇಲಿನ ಮೂರನೇ ಸಾಲನ್ನು ಇಳಿಸಿದರೆ ಸಾಕು. ಮೊದಲ ಪ್ಲಾನ್ ಮುಗಿಯುವಾಗಲೇ ನಾನು ಬರೆಯಬೇಕಿದ್ದ ಪುಟ ಇದು:

‘ಸೆಪ್ಟೆಂಬರ್‌ನಿಂದ ಜನವರಿವರೆಗೆ ಓಟಿ ಇರಲಿಲ್ಲ. ಮೂರು ಕ್ಲಿನಿಕ್‌ಗಳ ಸಾಲಿನಲ್ಲಿದ್ದೆವು, ಇಮೇಲ್‌ಗಳು ಜೊತೆಗಿವೆ. ಡಿಸೆಂಬರ್ 12ರಿಂದ ಜನವರಿ 23ರವರೆಗೆ ಭಾರತದಲ್ಲಿದ್ದೆವು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮಗುವಿನ ಅಜ್ಜಿ ವಿಸಿಟರ್ ವೀಸಾದಲ್ಲಿ ಬಂದಿದ್ದು, ದಿನಕ್ಕೆ ಐದು ಗಂಟೆ ನೋಡಿಕೊಂಡರು. ಈಗ ವಾಪಸ್ ಹೋಗಿದ್ದಾರೆ. ಆ ಐದು ಗಂಟೆಗೆ ಈಗ ಯಾರೂ ಇಲ್ಲ. ಓಟಿ ಸಿಕ್ಕ ಮೇಲೆ ಒಂದು ಸೆಷನ್ ಕೂಡ ತಪ್ಪಿಲ್ಲ.’

ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. ಬೇಡ ಎಂದು ಬಿಟ್ಟದ್ದಲ್ಲ, ಸಿಗದೆ ಬಿಟ್ಟದ್ದು ಎಂದು ಅದು ತೋರಿಸುತ್ತದೆ.

ಆರನೆಯದು: ಮೀಟಿಂಗ್

ಉಳಿದಿದೆ ಎಂಬ ಒಂದೇ ಕಾರಣಕ್ಕೆ ಕತ್ತರಿಸಲೇಬೇಕು ಎಂಬ ನಿಯಮ ಇಲ್ಲ. ಆದರೆ ಹೇಗೆ ಬಳಸಿದಿರಿ ಎಂದು ನೋಡಿಯೇ ನೋಡುತ್ತಾರೆ, ಕೇಳಿಯೇ ಕೇಳುತ್ತಾರೆ. ಉತ್ತರ ನಿಮ್ಮ ಕೈಯಲ್ಲಿರುವ ಆ ಪುಟ. ಓದಿ ಹೇಳಿದರೂ ತಪ್ಪಿಲ್ಲ. ನಮ್ಮಲ್ಲಿ ಮಕ್ಕಳ ಕಷ್ಟವನ್ನು ಹೊರಗಿನವರ ಮುಂದೆ ಹೇಳಿಕೊಳ್ಳುವ ರೂಢಿ ಇಲ್ಲ. ‘ಪರವಾಗಿಲ್ಲ, ಈಗ ಚೆನ್ನಾಗಿದ್ದಾನೆ’ ಎಂದುಬಿಡುತ್ತೇವೆ. ಆ ದಿನ ಮಾತ್ರ ಹಾಗೆ ಅನ್ನಬೇಡಿ. ಕೆಟ್ಟ ದಿನ ಹೇಗಿರುತ್ತದೆ ಎಂದು ಹೇಳಿ: ರಾತ್ರಿ ಎಷ್ಟು ಸಲ ಏಳುತ್ತೀರಿ, ಅಂಗಡಿಯಲ್ಲಿ ಏನಾಯಿತು, ಯಾರು ಕೆಲಸ ಬಿಟ್ಟಿದ್ದೀರಿ.

ಇಂಗ್ಲಿಷ್‌ನಲ್ಲಿ ಇದನ್ನೆಲ್ಲ ಹೇಳಲು ಕಷ್ಟವಾದರೆ ದುಭಾಷಿ ಕೇಳಿ. ಎನ್‌ಡಿಐಎಸ್ ಸಂಖ್ಯೆ 1800 800 110. ಸರ್ಕಾರದ ದುಭಾಷಿ ಸೇವೆ 131 450ಕ್ಕೆ ಕರೆ ಮಾಡಿ ಕನ್ನಡದವರು ಬೇಕು, ಎನ್‌ಡಿಐಎಸ್‌ಗೆ ಜೋಡಿಸಿ ಎಂದೂ ಕೇಳಬಹುದು. ಮನೆಯ ಹಿರಿಯರಿಗೇ ಪ್ಲಾನ್ ಇದ್ದು, ಮಕ್ಕಳು ಪಕ್ಕದಲ್ಲಿ ಕೂತು ಅನುವಾದ ಮಾಡುವ ಮನೆಗಳಲ್ಲಿ ಇದು ತುಂಬಾ ಒಳ್ಳೆಯದು. ಮಗಳ ಬಾಯಲ್ಲಿ ಅಪ್ಪ ತನ್ನ ಸ್ನಾನದ ಕಷ್ಟ ಹೇಳಿಸುವುದಿಲ್ಲ, ಅಲ್ವಾ?

ಹೊಸ ಪ್ಲಾನ್ ಬಂದ ಮೇಲೆ

ಮರುಪರಿಶೀಲನೆಯ ತಾರೀಖು ದಾಟಿಯೂ ಹೊಸ ಪ್ಲಾನ್ ಬರದಿದ್ದರೆ ಗಾಬರಿ ಬೇಡ. ಹಳೆಯದೇ ಮುಂದುವರಿಯುತ್ತದೆ, ಸೇವೆ ನಿಲ್ಲುವುದಿಲ್ಲ.

ಹೊಸದರಲ್ಲಿ ದುಡ್ಡು ಅನ್ಯಾಯವಾಗಿ ಇಳಿದಿದೆ ಅನ್ನಿಸಿದರೆ ನಿರ್ಧಾರ ಕೈಸೇರಿದ ಮೂರು ತಿಂಗಳ ಒಳಗೆ ಒಳಪರಿಶೀಲನೆ (ಏಜೆನ್ಸಿಯೇ ತನ್ನ ನಿರ್ಧಾರವನ್ನು ಮತ್ತೆ ನೋಡುವುದು) ಕೇಳಬಹುದು. ನಾನು ಮೊದಲ ಸಲ ಇದನ್ನು ತಿಳಿದಾಗ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಒಳಪರಿಶೀಲನೆಯಲ್ಲೂ ಒಪ್ಪದಿದ್ದರೆ 28 ದಿನದೊಳಗೆ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್‌ಗೆ ಹೋಗಬಹುದು. 2024ರ ಅಕ್ಟೋಬರ್ 14ಕ್ಕೆ ಮುಂಚೆ ಈ ಕೆಲಸ ಬೇರೆ ಹೆಸರಿನ ಟ್ರಿಬ್ಯೂನಲ್‌ನದಾಗಿತ್ತು, ಹಳೆಯ ಮಾಹಿತಿ ಓದುವಾಗ ಹೆಸರು ಕಂಡು ಗಲಿಬಿಲಿಯಾಗಬೇಡಿ.

ಹಳೆಯ ಪ್ಲಾನ್ ಮುಗಿದ ಮೇಲೆ ಬಂದ ಬಿಲ್‌ಗಳ ಕಥೆ ಏನು? ಸೇವೆ ನಡೆದ ದಿನ ಯಾವ ಪ್ಲಾನ್ ಇತ್ತೋ ಅದರ ಉಳಿಕೆಯಿಂದ ಅವು ಹೋಗುತ್ತವೆ. ಸೇವೆ ನಡೆದ ದಿನದಿಂದ ಎರಡು ವರ್ಷದೊಳಗೆ ಕ್ಲೇಮ್ ಆಗಬೇಕು. ಆದ್ದರಿಂದ ಪ್ಲಾನ್ ಬದಲಾದ ವಾರ ಹಳೆಯ ಥೆರಪಿಸ್ಟ್‌ಗಳಿಗೆಲ್ಲ ಆ ಒಂದು ಸಾಲಿನ ಇಮೇಲ್ ಇನ್ನೊಮ್ಮೆ ಹೋಗಲಿ. ಹೊಸ ಪ್ಲಾನ್‌ನ ತಾರೀಖುಗಳನ್ನೂ ಅದರಲ್ಲೇ ಸೇರಿಸಿಬಿಡಿ. ಇಲ್ಲದಿದ್ದರೆ ಆಗಸ್ಟ್ ಬಿಲ್ಲಿನಲ್ಲಿ ಸೆಪ್ಟೆಂಬರ್ ತಾರೀಖು ಹಾಕಿ ಹೊಸ ದುಡ್ಡಿನಿಂದ ಮುರಿದುಬಿಡುತ್ತಾರೆ.